ಊಟದ ಡಬ್ಬಿಯಷ್ಟು ಟ್ಯಾಂಕು, ಒಳಗೆ ನಾಲ್ಕು ಜೀವ

ಆರ್‌ಪಿಸಿ ಲೇಔಟ್‌ನ ಒಂದು ಮಹಡಿ ಮನೆ. ಮೇಲಿನ ಕೋಣೆಯಲ್ಲಿ ರಾತ್ರಿ ಹನ್ನೊಂದಾದರೂ ದೀಪ ಆರುವುದಿಲ್ಲ. ಹುಡುಗ ಪರೀಕ್ಷೆಗೆ ಓದ್ತಾ ಇದಾನೆ ಅಂತ ಪಕ್ಕದ ಮನೆಯವರು ತಿಳಿದಿದ್ದರು. ಅವನು ಕೂತಿದ್ದದ್ದು ಓದಲಿಕ್ಕಲ್ಲ, ಯುದ್ಧದ ಟ್ಯಾಂಕ್ ಕಟ್ಟಲಿಕ್ಕೆ!

ಗಾಬರಿ ಬೇಡ. ಅಸಲಿ ಟಿ-55 ಟ್ಯಾಂಕಿನ ತೂಕ ಸುಮಾರು 36 ಟನ್. ಜನ ತುಂಬಿದ ಎರಡು ಸಿಟಿ ಬಸ್ಸು ಸೇರಿದರೂ ಅಷ್ಟಾಗಲಿಕ್ಕಿಲ್ಲ. ಈ ಹುಡುಗನದು ಅದರ ಮೂವತ್ತೈದರಲ್ಲೊಂದು ಅಳತೆ. ಒಡಲಿನ ಉದ್ದ 18 ಸೆಂಟಿಮೀಟರ್ ಚಿಲ್ಲರೆ, ಅಗಲ 9 ಚಿಲ್ಲರೆ. ನೀವು ಆಫೀಸಿಗೆ ಒಯ್ಯುವ ಊಟದ ಡಬ್ಬಿಯಷ್ಟು, ಅಷ್ಟೇ.

ಈ ಮೂವತ್ತೈದರ ಲೆಕ್ಕ ಬಂದದ್ದೂ ತಮಾಷೆಯಾಗಿದೆ. 1960ರ ದಶಕದ ಆರಂಭದಲ್ಲಿ ಜಪಾನಿನ ಟಮಿಯಾ ಕಂಪನಿ ಮೋಟಾರಿನಿಂದ ಓಡುವ ಟ್ಯಾಂಕ್ ಮಾದರಿ ಮಾಡಿತು. ಒಳಗೆ ಬ್ಯಾಟರಿ ಸೆಲ್ಲು ಹಿಡಿಸಬೇಕಿತ್ತು. ಸೆಲ್ಲಿಗೆ ತಕ್ಕಂತೆ ಮಾಡಿದ ಅಳತೆಯೇ ಆಮೇಲೆ ಲೋಕಕ್ಕೆಲ್ಲ ರೂಢಿಯಾಯಿತು.

ಕಿಟ್‌ನಲ್ಲಿ ಬರುವುದು ರಷ್ಯಾದವರ ಟ್ಯಾಂಕು, 100 ಮಿ.ಮೀ. ಫಿರಂಗಿಯದು. ನಮ್ಮ ಸೇನೆ ತನ್ನ ಟಿ-55ಗಳಿಗೆ ಮುಂದೆ 105 ಮಿ.ಮೀ. ಫಿರಂಗಿ ಕೂರಿಸಿತು. ರಷ್ಯಾದ ನಳಿಗೆಗೆ ಹೊಗೆ ಎಳೆಯುವ ದಪ್ಪ ಉಬ್ಬು ಬಾಯಿಯ ಹತ್ತಿರ, 105ರದಕ್ಕೆ ನಡುಮಧ್ಯದಲ್ಲಿ. ಕಿಟ್‌ನದನ್ನೇ ಅಂಟಿಸಿದರೆ ಟ್ಯಾಂಕು ನಮ್ಮದಾಗುವುದಿಲ್ಲ. ಹುಡುಗ ಅದನ್ನು ಕತ್ತರಿಸಿ ಎಸೆದ. 105ನ್ನು 35ರಿಂದ ಭಾಗಿಸಿದರೆ ಸರಿಯಾಗಿ 3. ಪಿಯುಸಿಗೇ ಕೈಮುಗಿದ ನನಗೂ ಬರುವ ಲೆಕ್ಕ! 3 ಮಿ.ಮೀ. ತೂತಿನ ಪೈಪು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿತು. ಉಬ್ಬಿಗೆ ಎಂ-ಸೀಲ್, ಉಜ್ಜಲು ಉಪ್ಪುಕಾಗದ, ಹಿಡಿಕೆಗಳಿಗೆ ಹಳೇ ವೈರಿನ ತಾಮ್ರದ ಎಳೆ.

"ಇಷ್ಟು ದೊಡ್ಡವನಾಗಿ ಆಟದ ಸಾಮಾನು ಮಾಡ್ತೀಯಲ್ಲೋ, ಇದರಿಂದ ಏನಪ್ಪಾ ಬರುತ್ತೆ?" ಅಂದರು ಅಮ್ಮ. ಹುಡುಗ ಮಾತಾಡಲಿಲ್ಲ. ಒಂದು ಭಾನುವಾರ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಮಡಿಕೇರಿ ಬಸ್ಸು ಹತ್ತಿದ.

ಅಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಿಂದ ಮ್ಯೂಸಿಯಂ ಆಗಿದೆ. ಆವರಣದಲ್ಲಿ ಅಸಲಿ ಟಿ-55 ನಿಂತಿದೆ. ಟ್ಯಾಂಕಿಗೂ ತಿಮ್ಮಯ್ಯನವರಿಗೂ ಹಳೇ ನಂಟು. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿ ಲಾ ಕಣಿವೆದಾರಿಗೆ, 11,000 ಅಡಿಗೂ ಮೇಲಕ್ಕೆ, ಅವರು ಸ್ಟುವರ್ಟ್ ಟ್ಯಾಂಕುಗಳನ್ನು ನುಗ್ಗಿಸಿದರು. ಶತ್ರುವಿಗೆ ಸುಳಿವು ಸಿಗದಂತೆ ಟ್ಯಾಂಕಿನ ಮೇಲ್ಭಾಗ ಬಿಚ್ಚಿ, ಬೇರೆಯಾಗಿ ಸಾಗಿಸಿ, ಮತ್ತೆ ಜೋಡಿಸಿದ್ದರು. ಬಿಚ್ಚಿ ಜೋಡಿಸುವುದು ಬರೀ ಆಟ ಅನ್ನುವವರು ಇದನ್ನು ಕೇಳಬೇಕು.

ಹುಡುಗ ಟ್ಯಾಂಕಿನ ಸುತ್ತ ಮೂರು ಸುತ್ತು ಹಾಕಿದ. ಆಮೇಲೆ ಲೆಕ್ಕ ಹಾಕುತ್ತಾ ನಿಂತ. ಇದರೊಳಗೆ ನಾಲ್ವರು. ಮುಂದೆ ಚಾಲಕ. ಫಿರಂಗಿಯ ಎಡಕ್ಕೆ ಗುರಿಕಾರ, ಅವನ ಹಿಂದೆ ಕಮಾಂಡರ್. ಬಲಕ್ಕೆ ಗುಂಡು ತುಂಬುವವನು. ಆ ಜಾಗದಲ್ಲಿ ಅವನು ಭಾರವಾದ ಗುಂಡನ್ನು ಎಡಗೈಯಿಂದಲೇ ಒಳಕ್ಕೆ ತಳ್ಳಬೇಕು. ಅದೂ ಕುಲುಕಾಡುವ ಟ್ಯಾಂಕಿನಲ್ಲಿ. ನಮ್ಮ ಬಸ್ಸಿನ ಫುಟ್‌ಬೋರ್ಡ್ ಇದರ ಮುಂದೆ ಮೈದಾನ!

ವಾಪಸು ಬಂದವನು ಟ್ಯಾಂಕಿನ ಮುಚ್ಚಳ ತೆರೆದೇ ಇಟ್ಟ. ಬಲಗಡೆಯಲ್ಲಿ ಐದು ಸೆಂಟಿಮೀಟರಿನ ಒಬ್ಬ ಸಿಪಾಯಿಯನ್ನು ನಿಲ್ಲಿಸಿದ. ತಟ್ಟೆ ತೆಗೆದುಕೊಂಡು ಹೋಗಲು ಬಂದ ಅಮ್ಮ ಬಗ್ಗಿ ನೋಡಿದರು.

"ಇವನ್ಯಾಕೋ ಎಡಗೈ ಹಿಂಗೆ ಚಾಚಿದಾನೆ?"

ಹುಡುಗ ಹೇಳಿದ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಪಾಪ, ಯಾರ ಮನೆ ಮಗನೋ" ಅಂದರು. ಅಂದಿನಿಂದ ಅದನ್ನು ಆಟದ ಸಾಮಾನು ಅಂದಿಲ್ಲ. ಧೂಳು ಒರೆಸುವಾಗಲೂ ಆ ಸಿಪಾಯಿಗೆ ಬಟ್ಟೆ ತಾಗದ ಹಾಗೆ ಒರೆಸ್ತಾರಂತೆ.