ಸೊಂಟ ನೋವು: ಎಣ್ಣೆ ಯಾವಾಗ, ಆಸ್ಪತ್ರೆ ಯಾವಾಗ?

ನಮ್ಮ ಮನೆಗಳಿಗೆ ಸೊಂಟ ನೋವು ಹೊಸತಲ್ಲ. ಬಗ್ಗಿ ಕೂತು ಬೀಡಿ ಕಟ್ಟುವ ಉಮ್ಮನಿಗೂ, ಗಲ್ಫ್‌ನಲ್ಲಿ ದಿನವಿಡೀ ಗಾಡಿ ಓಡಿಸುವ ಮಗನಿಗೂ ಅದು ಗೊತ್ತು. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ನರವನ್ನು ಒತ್ತಿದರೆ ನೋವು ಸೊಂಟದಿಂದ ಕಾಲಿಗೆ ಇಳಿಯುತ್ತದೆ. ಇದೇ ಸಯಾಟಿಕಾ. ಆಯುರ್ವೇದದಲ್ಲಿ ಇದನ್ನು ಗೃಧ್ರಸಿ ಎನ್ನುತ್ತಾರೆ.

ಹೆಚ್ಚಿನವರಿಗೆ ಆಪರೇಷನ್ ಇಲ್ಲದೆಯೇ ಕೆಲವು ವಾರಗಳಲ್ಲಿ ಇದು ಕಡಿಮೆಯಾಗುತ್ತದೆ. ಹಾಗಂತ ಹಾಸಿಗೆ ಹಿಡಿದು ಮಲಗುವುದು ಬೇಡ, ಆದಷ್ಟು ನಡೆದಾಡಬೇಕು. ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುವ ಕಟಿಬಸ್ತಿಯಿಂದ ಆರಾಮ ಸಿಕ್ಕಿತು ಎನ್ನುವವರಿದ್ದಾರೆ. ಅದನ್ನು ಕಲಿತ ವೈದ್ಯರಲ್ಲೇ ಮಾಡಿಸೋಣ. ಸುಜೂದ್‌ಗೆ ಬಾಗಲಾಗದವರು ಕುಳಿತೇ ನಮಾಝ್ ಮಾಡಬಹುದು, ದೀನ್‌ನಲ್ಲಿ ಆ ರಿಯಾಯಿತಿ ಇದೆ.

ಆದರೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಎಣ್ಣೆ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಡವಾದರೆ ನರದ ಶಕ್ತಿ ಮರಳದೇ ಹೋದೀತು. ಇಂಥದ್ದನ್ನು ಹೇಳಲು ನಮ್ಮ ಹೆಂಗಸರು ನಾಚುತ್ತಾರೆ. ಮಗಳ ಬಳಿಯಾದರೂ ಹೇಳಲಿ, ಕೇಳಿದವರು ನಾಳೆಗೆ ಹಾಕದಿರಲಿ.