ಬಳ್ಳಾರಿಯ ಬಯಲಿನಲ್ಲಿ ಒಂದು ನಕ್ಷತ್ರರಾತ್ರಿ

ನಕ್ಷತ್ರವೀಕ್ಷಣೆಗೆ ಮರುಭೂಮಿಗಿಂತ ಮೇಲಾದ ಸ್ಥಳವಿಲ್ಲವೆಂಬ ಮಾತನ್ನು ವಾಚಕರು ಕೇಳಿರಬಹುದು. ಅಲ್ಲಿ ಮೋಡ ವಿರಳ; ಗಾಳಿಯಲ್ಲಿ ತೇವ ಕಡಮೆ; ಜನವಸತಿ ಇಲ್ಲದುದರಿಂದ ದೀಪಗಳೂ ಇಲ್ಲ. ನಮ್ಮ ದೇಶದಲ್ಲಿ ಇದಕ್ಕೆ ನಿದರ್ಶನ ಲಡಾಖಿನ ಹಾನ್ಲೆ. ಸುಮಾರು 4,500 ಮೀಟರ್ ಎತ್ತರದ ಆ ಶೀತಲ ಮರುಭೂಮಿಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ವ್ಯಾಸದ ದೂರದರ್ಶಕವಿದೆ. ಅದನ್ನು ನಡೆಸುವವರು ನಮ್ಮ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹದ ಮೂಲಕ ಆಜ್ಞೆಗಳನ್ನು ಕಳುಹಿಸುತ್ತಾರೆ. 2022ರಲ್ಲಿ ಹಾನ್ಲೆಯ ಸುತ್ತಲ ಪ್ರದೇಶವನ್ನು ಕತ್ತಲೆಯ ಆಕಾಶದ ರಕ್ಷಿತ ವಲಯವೆಂದು ಸಾರಲಾಯಿತು. ಮರುವರ್ಷದಿಂದ ಹವ್ಯಾಸಿ ವೀಕ್ಷಕರು ತಮ್ಮ ದೂರದರ್ಶಕಗಳೊಡನೆ ಅಲ್ಲಿ ಕೂಡಿ ರಾತ್ರಿಗಳನ್ನು ಕಳೆಯುತ್ತಿದ್ದಾರೆ.

ಅಷ್ಟು ದೂರ ಹೋಗಿಬರುವುದು ನಮ್ಮ ವಿದ್ಯಾರ್ಥಿಗಳೆಲ್ಲರಿಗೂ ಸಾಧ್ಯವಲ್ಲ. ಆದರೆ ಹಾನ್ಲೆಯಿಂದ ಕಾಣದ ಕೆಲವು ತಾರೆಗಳನ್ನು ಬಳ್ಳಾರಿಯ ಬಯಲು ತೋರಿಸಬಲ್ಲುದು. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 50 ಸೆಂಟಿಮೀಟರ್. ರೈತನ ಸಂಕಟವೇ ವೀಕ್ಷಕನ ಲಾಭವೆಂದು ಹೇಳಲು ಸಂಕೋಚವಾಗುತ್ತದೆ. ಆದರೂ ಸಂಗತಿ ಹಾಗೆಯೇ ಇದೆ. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣವನ್ನು ಅಭ್ಯಸಿಸಲು ಮೇಲೆ ಹೇಳಿದ ಸಂಸ್ಥೆಯ ವಿಜ್ಞಾನಿಗಳು ಬಿಡಾರ ಹೂಡಿದ ಸ್ಥಳಗಳಲ್ಲಿ ಒಂದು ಜವಳಗೇರಾ. ಸಿರುಗುಪ್ಪದ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವ ಸಿಂಧನೂರು ಸೀಮೆಯ ಊರು ಅದು.

ಜನವರಿಯ ನಡುವೆ ಬಂದ ಒಂದು ಅಮಾವಾಸ್ಯೆಯಂದು ನಾವು ಹತ್ತು ಹದಿನೈದು ವಿದ್ಯಾರ್ಥಿಗಳೊಡನೆ ಕುರುಗೋಡಿನ ಹೊರಗೆ ಇರುಳು ಕಳೆದೆವು. ಸ್ಥಳವನ್ನು ಆರಿಸುವಾಗಲೇ ಪಾಠ ಮೊದಲಾಯಿತು. ವಿದ್ಯಾರ್ಥಿಗಳಿಗೆ ಬೆಟ್ಟದ ಬಂಡೆಯೇ ಬೇಕಾಗಿತ್ತು. ಆದರೆ ಹಗಲೆಲ್ಲ ಕಾದ ಗ್ರಾನೈಟು ಇರುಳು ಬಹಳ ಹೊತ್ತಿನವರೆಗೆ ಶಾಖವನ್ನು ಬಿಡುತ್ತಿರುತ್ತದೆ. ಅದರ ಮೇಲಿನ ಗಾಳಿ ಬಿಸಿಯಾಗಿ ಏಳುತ್ತ ತಣ್ಣನೆಯ ಗಾಳಿಯೊಡನೆ ಕಲೆಯುವಾಗ ಬೆಳಕಿನ ಕಿರಣ ಕ್ಷಣಕ್ಷಣಕ್ಕೂ ಬಾಗುತ್ತದೆ. ದೂರದರ್ಶಕದಲ್ಲಿ ನಕ್ಷತ್ರವು ಕುದಿಯುವ ನೀರಿನ ತಳದ ಕಾಸಿನಂತೆ ನಡುಗುತ್ತದೆ. ಕಾಲುವೆಯ ಪಕ್ಕದ ಗದ್ದೆಯ ಬದುವೂ ಆಗದು. ತುಂಗಭದ್ರೆಯ ನೀರು ಹರಿದಂದಿನಿಂದ ಈ ಕಡೆಯ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾಗಿವೆ. ಅಲ್ಲಿ ನಡುರಾತ್ರಿಯ ಹೊತ್ತಿಗೆ ಇಬ್ಬನಿ ಇಳಿದು ಮಸೂರಗಳೆಲ್ಲ ಮಂಜಾಗುತ್ತವೆ. ಸೊಳ್ಳೆಗಳ ವಿಚಾರ ಬೇರೆಯೇ ಇದೆ. ಕಡೆಗೆ ಬೆಳೆ ತೆಗೆದ ಒಂದು ಒಣ ಹೊಲದಲ್ಲಿ ಕಂಬಳಿ ಹಾಸಿದೆವು. ಎಂಟು ಗಂಟೆಗೇ ಚಳಿ ಹತ್ತಿತು. ನೆಲದಿಂದ ಹೊರಡುವ ಶಾಖಕಿರಣಗಳನ್ನು ತಡೆದು ಹಿಂದಕ್ಕೆ ಕಳುಹಿಸುವುದರಲ್ಲಿ ನೀರಾವಿಯ ಪಾಲು ದೊಡ್ಡದು. ಒಣಗಾಳಿಯಲ್ಲಿ ಆ ಹೊದಿಕೆ ತೆಳ್ಳಗಿರುವುದರಿಂದ ನೆಲ ಬೇಗನೆ ತಣ್ಣಗಾಗುತ್ತದೆ. ಮರುಭೂಮಿಯ ರಾತ್ರಿಗಳು ಕೊರೆಯುವುದೂ ಇದರಿಂದಲೇ.

ಒಗ್ಗರಣೆ ಮಂಡಕ್ಕಿಯ ಪೊಟ್ಟಣಗಳು ಬರಿದಾಗುವ ವೇಳೆಗೆ ಕಣ್ಣುಗಳು ಕತ್ತಲೆಗೆ ಒಗ್ಗಿದ್ದುವು. ಅದಕ್ಕೆ ಅರ್ಧ ಗಂಟೆಯಾದರೂ ಬೇಕು. ನಡುವೆ ಯಾರಾದರೂ ಮೊಬೈಲಿನ ದೀಪ ಬೆಳಗಿಸಿದರೆ ಮತ್ತೆ ಮೊದಲಿನಿಂದ ಕಾಯಬೇಕು.

ಹೊಲದ ಯಜಮಾನನಾದ ವೃದ್ಧ ರೈತನೂ ನಮ್ಮ ಬಳಿ ಬಂದು ಕುಳಿತಿದ್ದ. ಆತ ಕೇಳಿದ: “ರೋಹಿಣಿ ಮಳಿ ಅಂತೀವಲ್ರಿ, ಆ ರೋಹಿಣಿ ಎಲ್ಲೈತಿ ತೋರ್ಸ್ರಿ.” ಒಬ್ಬ ವಿದ್ಯಾರ್ಥಿ, “ನಿಮ್ಮ ನೆತ್ತಿ ಮ್ಯಾಲೇ ಐತಿ ನೋಡ್ರಿ ತಾತಾ” ಎಂದ. ಮಾತು ಅಕ್ಷರಶಃ ನಿಜವಾಗಿತ್ತು. ರೋಹಿಣಿಯ ಸ್ಥಾನ ಖಗೋಳದ ವಿಷುವದ್ವೃತ್ತದಿಂದ 16½ ಡಿಗ್ರಿ ಉತ್ತರಕ್ಕೆ. ಕುರುಗೋಡಿನ ಅಕ್ಷಾಂಶ ಸುಮಾರು 15⅓ ಡಿಗ್ರಿ. ಆದುದರಿಂದ ಆ ಕೆಂಪು ತಾರೆ ಇಲ್ಲಿ ಹೆಚ್ಚುಕಡಮೆ ನಡುನೆತ್ತಿಯಲ್ಲಿಯೇ ಹಾಯುತ್ತದೆ. ಆ ದಿನ ಅದು ರಾತ್ರಿ ಒಂಬತ್ತರ ಸುಮಾರಿಗೆ. ಮೇ ತಿಂಗಳ ಕಡೆಯಲ್ಲಿ ಸೂರ್ಯನು ರೋಹಿಣಿ ನಕ್ಷತ್ರವನ್ನು ಪ್ರವೇಶಿಸಿದ ಬಳಿಕ ಎರಡು ವಾರ ಸುರಿಯುವುದೇ ರೋಹಿಣಿ ಮಳೆ. ಆಗ ತಾರೆ ಸೂರ್ಯನ ಪ್ರಭೆಯಲ್ಲಿ ಮುಳುಗಿರುತ್ತದೆ. ಎಂದರೆ ರೋಹಿಣಿ ಮಳೆಯ ಕಾಲದಲ್ಲಿ ರೋಹಿಣಿಯನ್ನು ಯಾರೂ ಕಾಣಲಾರರು! ಮುದುಕ ಇದನ್ನು ಕೇಳಿ ಬಹಳ ಹೊತ್ತು ಮೇಲೆಯೇ ನೋಡುತ್ತಿದ್ದ.

ಹನ್ನೊಂದರ ಹೊತ್ತಿಗೆ ಅಗಸ್ತ್ಯವು ದಕ್ಷಿಣದಲ್ಲಿ ತನ್ನ ಪರಮೋನ್ನತಿಯನ್ನು ತಲಪಿತು. ಚಾಚಿದ ಕೈಯ ಒಂದು ಗೇಣು ಆಕಾಶದಲ್ಲಿ ಸುಮಾರು 20 ಡಿಗ್ರಿಯನ್ನು ಅಳೆಯುತ್ತದೆ. ಅಗಸ್ತ್ಯ ದಿಗಂತದಿಂದ ಗೇಣಿಗಿಂತ ತುಸು ಮೇಲಿತ್ತು. ಹಾನ್ಲೆಯಲ್ಲಾದರೆ ಅದು 5 ಡಿಗ್ರಿಯನ್ನೂ ಮುಟ್ಟದು. ತ್ರಿಶಂಕುವಂತೂ ಅಲ್ಲಿ ದಿಗಂತದ ಮೇಲಕ್ಕೆ ಬರುವುದೇ ಇಲ್ಲವೆನ್ನಬಹುದು. ನಮ್ಮಲ್ಲಿ ಅದು ಬೆಳಗಿನ ಐದಕ್ಕೆ ನೆಟ್ಟಗೆ ನಿಲ್ಲುತ್ತದೆ. ಅದರ ಬುಡದ ನಕ್ಷತ್ರದ ಎತ್ತರ 12 ಡಿಗ್ರಿಗೂ ಕಡಮೆ.

ತೊಡಕು ಇರುವುದು ಈ ಎತ್ತರದಲ್ಲಿಯೇ. ಅಷ್ಟು ತಗ್ಗಿನಿಂದ ಬರುವ ಬೆಳಕು ನೆತ್ತಿಯಿಂದ ಬರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಗಾಳಿಯನ್ನು, ಅದರ ಧೂಳನ್ನು, ತೂರಿಕೊಂಡು ಬರಬೇಕು. ಮೇಲಾಗಿ ಕುರುಗೋಡಿಗೆ ಬಳ್ಳಾರಿ ನಗರವಿರುವುದು ದಕ್ಷಿಣ ದಿಕ್ಕಿನಲ್ಲಿ. ತ್ರಿಶಂಕುವಿನ ಕೆಳಗೆ, ಎಂದೂ ಆರದ ಸಂಜೆಯಂತೆ ಒಂದು ಬಿಳಿಯ ಮಬ್ಬು ಹಬ್ಬಿತ್ತು. ಬೀದಿದೀಪಗಳಿಂದ ನೆಲಕ್ಕೆ ಬೀಳದೆ ಮೇಲಕ್ಕೆ ಸೋರಿದ ಬೆಳಕನ್ನು ಧೂಳೂ ಗಾಳಿಯ ಅಣುಗಳೂ ಚದರಿಸುವುದರಿಂದ ಆಗುವ ಮಬ್ಬು ಇದು. ದೀಪದಿಂದ ಅಡ್ಡಡ್ಡವಾಗಿ, ದಿಗಂತಕ್ಕೆ ತುಸುವೇ ಮೇಲಾಗಿ ಹೊರಡುವ ಕಿರಣಗಳು ನೇರ ಮೇಲಕ್ಕೆ ಹೋಗುವವುಗಳಿಗಿಂತ ಬಹಳ ದೂರದವರೆಗೆ ಕೇಡು ಮಾಡುತ್ತವೆ. ನೀಲಿ ಬೆಳಕು ಹೆಚ್ಚು ಚದರುವುದರಿಂದ ಇಂದಿನ ಬೆಳ್ಳನೆಯ ಎಲ್‌ಇಡಿ ದೀಪಗಳು ಹಳೆಯ ಹಳದಿ ದೀಪಗಳಿಗಿಂತ ಈ ವಿಷಯದಲ್ಲಿ ಕೆಟ್ಟವು. ನೆತ್ತಿಯ ರೋಹಿಣಿಗೆ ಇದರಿಂದ ಹೆಚ್ಚು ನಷ್ಟವಿಲ್ಲ. ಬಳ್ಳಾರಿಯ ಆಕಾಶಕ್ಕೆ ವಿಶೇಷವಾದ ತೆಂಕಣ ತಾರೆಗಳೇ ಮೊದಲು ಅಳಿಸಿಹೋಗುತ್ತವೆ. ದೀಪವನ್ನು ಆರಿಸಬೇಕೆಂದು ನಾವು ಹೇಳುತ್ತಿಲ್ಲ. ಕತ್ತಲೆಯ ದಾರಿಯಲ್ಲಿ ನಡೆಯುವವರ ಕಷ್ಟವನ್ನು ಬಲ್ಲೆವು. ದೀಪದ ನೆತ್ತಿಗೆ ಒಂದು ಮುಚ್ಚಳವಿದ್ದರೆ ಅದೇ ವಿದ್ಯುತ್ತಿನಲ್ಲಿ ದಾರಿಗೆ ಇನ್ನೂ ಹೆಚ್ಚು ಬೆಳಕು ಬೀಳುತ್ತದೆ.

ಐದು ಗಂಟೆಗೆ ಎಲ್ಲರನ್ನೂ ಎಬ್ಬಿಸಿ ತ್ರಿಶಂಕುವಿನಲ್ಲಿ ನಕ್ಷತ್ರಗಳೆಷ್ಟು ಎಂದು ಎಣಿಸಹೇಳಿದೆವು. ಒಳ್ಳೆಯ ಕತ್ತಲೆಯಲ್ಲಿ ಐದು ಕಾಣಬೇಕು. ಹೆಚ್ಚಿನವರು ನಾಲ್ಕು ಎಂದರು. ಇಬ್ಬರು ಮೂರೇ ಎಂದರು. ದುರ್ಬೀನು ಹಿಡಿದಾಗ ಐದನೆಯದೂ ಮೂಡಿತು. ಅಲ್ಲಿಂದ ಸ್ವಲ್ಪ ಎಡಕ್ಕೆ, ಮೇಲಕ್ಕೆ ಸರಿದರೆ ಕಿನ್ನರ ರಾಶಿಯ ಒಮೆಗಾ ಎಂಬ ತಾರಾಗುಚ್ಛ: ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ ಒತ್ತಾಗಿ ಗುಂಪುಗೂಡಿದ ಒಂದು ಕೋಟಿಯಷ್ಟು ನಕ್ಷತ್ರಗಳು. ಮಬ್ಬಿನಿಂದ ಮೇಲಿದ್ದುದರಿಂದ ಅದು ಬರಿಗಣ್ಣಿಗೇ ಒಂದು ಹತ್ತಿಯ ಎಳಸಿನಂತೆ ಕಂಡಿತು. ಎಲ್ಲರೂ ಸರದಿಯಿಂದ ದುರ್ಬೀನಿನಲ್ಲಿ ಅದನ್ನು ನೋಡಿ ಮುಗಿಸುವಷ್ಟರಲ್ಲಿ ಮೂಡಣ ಬಿಳುಪೇರಿತ್ತು.