ಮುರಿದ ಮೂಳೆಗೆ ಮದ್ದಿನ ಮಣಿಸರ

ತುಮಕೂರಿಗೆ ಪುಣೆ ಹೆದ್ದಾರಿ, ಕುಣಿಗಲ್‌ಗೆ ಮಂಗಳೂರು ಹೆದ್ದಾರಿ, ಗುಬ್ಬಿಗೆ ಶಿವಮೊಗ್ಗದ ದಾರಿ. ಇಂಥ ರಸ್ತೆಗಳಲ್ಲಿ ಬೈಕಿನಿಂದ ಬಿದ್ದವರ ಕಾಲುಮೂಳೆ ಚರ್ಮ ಸೀಳಿ ಹೊರಬಂದರೆ, ಮಣ್ಣು, ಪ್ಯಾಂಟಿನ ಎಳೆ, ಜಲ್ಲಿಪುಡಿ ಗಾಯದೊಳಗೆ ಸೇರುತ್ತವೆ. ಗಾಯವನ್ನು ತೊಳೆಸದೆ ನಾಟಿ ಮೂಳೆವೈದ್ಯರ ‘ಪುತ್ತೂರು ಕಟ್ಟು’ ಹಾಕಿಸಿದರೆ ಕಟ್ಟಿನಡಿ ಕೀವು ಕೂಡುವ ಅಪಾಯವಿದೆ.

ಮೂಳೆಗೆ ತಗುಲಿದ ಸೋಂಕು ಹಟಮಾರಿ. ಸ್ಟ್ಯಾಫಿಲೋಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಸತ್ತ ಮೂಳೆಯ ಚೂರು, ಸ್ಟೀಲ್ ಪ್ಲೇಟುಗಳ ಮೇಲೆ ಲೋಳೆಯ ಪೊರೆ ಕಟ್ಟಿಕೊಂಡು ಅಡಗುತ್ತವೆ. ಸತ್ತ ಮೂಳೆಯಲ್ಲಿ ರಕ್ತ ಹರಿಯುವುದಿಲ್ಲ; ರಕ್ತನಾಳಕ್ಕೆ ಚುಚ್ಚಿದ ಔಷಧ ಅಲ್ಲಿಗೆ ಮುಟ್ಟುವುದೇ ಕಷ್ಟ.

ಹಾಗಾಗಿ ಮದ್ದನ್ನೇ ಮೂಳೆಯ ಮನೆಗೆ ಒಯ್ಯುವ ಉಪಾಯ ಹುಟ್ಟಿತು. ಶಸ್ತ್ರವೈದ್ಯರು ಸತ್ತ ಭಾಗವನ್ನೆಲ್ಲ ಕೆರೆದು ತೆಗೆಯುತ್ತಾರೆ. ಪಕ್ಕದ ಮೇಜಿನಲ್ಲಿ 40 ಗ್ರಾಂ ಬೋನ್ ಸಿಮೆಂಟ್ ಪುಡಿಗೆ ವ್ಯಾಂಕೊಮೈಸಿನ್ ಅಥವಾ ಜೆಂಟಾಮೈಸಿನ್ ಬೆರೆಸಿ, ದ್ರವ ಸುರಿದು ಕಲಸುತ್ತಾರೆ. ಘಾಟು ವಾಸನೆ ಏಳುತ್ತದೆ, ಹಿಟ್ಟು ಬಿಸಿಯಾಗುತ್ತದೆ. ಗಟ್ಟಿಯಾಗುವ ಮುನ್ನ ಕಡಲೆಕಾಳಿನಷ್ಟು ಉಂಡೆ ಮಾಡಿ ಸ್ಟೀಲ್ ತಂತಿಗೆ ಪೋಣಿಸಿ, ಎಣಿಸಿ, ಮೂಳೆಯ ಪೊಳ್ಳಿನಲ್ಲಿ ಇಡುತ್ತಾರೆ. ಈ ಬಿಸಿ ತಾಳದ ಔಷಧಗಳಿಗೆ ಸರದಲ್ಲಿ ಜಾಗವಿಲ್ಲ. 1970ರ ದಶಕದಲ್ಲಿ ಜರ್ಮನಿಯಲ್ಲಿ ಬಳಕೆಗೆ ಬಂದ ಈ ಸರಕ್ಕೆ ಒಂದು ಕೊರತೆಯಿದೆ: ಸಿಮೆಂಟ್ ಕರಗದು, ತೆಗೆಯಲು ಮತ್ತೊಂದು ಆಪರೇಷನ್ ಬೇಕು.

ಆ ಎರಡನೇ ಆಪರೇಷನ್ನಿನ ಖರ್ಚು, ಮತ್ತೆ ಕೂಲಿ ತಪ್ಪುವ ದಿನಗಳು ಬಡ ಮನೆಗೆ ದೊಡ್ಡ ಹೊರೆ. ತಾನಾಗಿ ಕರಗುವ ವಸ್ತು ಬೆಲೆಬಾಳುವುದು ಇಲ್ಲೇ. ನಮಗೆಲ್ಲ ಗೊತ್ತಿರುವ ಪ್ಲಾಸ್ಟರ್ ಆಫ್ ಪ್ಯಾರಿಸ್, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಅಂಥದ್ದು. 1892ರಲ್ಲೇ ಜರ್ಮನಿಯ ಡ್ರೀಸ್‌ಮನ್ ಅದರಿಂದ ಮೂಳೆಯ ಪೊಳ್ಳು ತುಂಬಿಸಿದ್ದರು. ಇಂದು ಅದರ ಶುದ್ಧ ರೂಪಕ್ಕೆ ಆಂಟಿಬಯೋಟಿಕ್ ಸೇರಿಸಿ ಮಣಿ ಮಾಡುತ್ತಾರೆ. 1969ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ರೂಪಿಸಿದ ಜೈವಿಕ ಗಾಜಿನದು ಬೇರೆಯೇ ದಾರಿ. ಅದು ಸುತ್ತಲಿನ ದ್ರವವನ್ನು ಕ್ಷಾರೀಯವಾಗಿಸಿ ಬ್ಯಾಕ್ಟೀರಿಯಾಗಳಿಗೆ ನೆಲೆ ತಪ್ಪಿಸುತ್ತದೆ, ಮೇಲೆ ಕ್ಯಾಲ್ಸಿಯಂ ಫಾಸ್ಫೇಟ್ ಪದರ ಕಟ್ಟಿ ಹೊಸ ಮೂಳೆಗೆ ಅಂಟಿಕೊಳ್ಳುತ್ತದೆ.

ತುಮಕೂರಿನಿಂದ ಸುಮಾರು 70 ಕಿ.ಮೀ. ದೂರದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಜೈವಿಕ ವಸ್ತುಗಳ ಸಂಶೋಧನೆ ಗಟ್ಟಿಯಾಗಿ ನಡೆದಿದೆ. ಅಲ್ಲಿ ಸಂಶೋಧನೆ ನಡೆಸಿದ ಬಿಕ್ರಮ್‌ಜಿತ್ ಬಸು 2013ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದವರು. ಮೂಳೆಯ ಖನಿಜವನ್ನೇ ಹೋಲುವ ಹೈಡ್ರಾಕ್ಸಿಅಪಟೈಟ್‌ಗೆ ಸತುವಿನ ಆಕ್ಸೈಡ್ ಬೆರೆಸಿ, ಬ್ಯಾಕ್ಟೀರಿಯಾ ತಡೆಯುವ ಗುಣವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದವರಲ್ಲಿ ಅವರೂ ಒಬ್ಬರು.

ಕರಗುವ ಮಣಿ ಇಟ್ಟ ಕಾಲಿನ ಮೊದಲ ಎಕ್ಸ್‌ರೇಯಲ್ಲಿ ಮಣಿಗಳು ಬಿಳಿ ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ವಾರಗಳು ಕಳೆದಂತೆ ಅವು ಮಸುಕಾಗುತ್ತವೆ. ಮುರಿದ ತುದಿಗಳ ನಡುವೆ ಹೊಸ ಮೂಳೆಯ ಮಬ್ಬು ನೆರಳು ಮೂಡಿದೆಯೇ ಎಂದು ವೈದ್ಯರು ಫಿಲಂ ಅನ್ನು ಬೆಳಕಿಗೆ ಹಿಡಿದು ಹುಡುಕುತ್ತಾರೆ.